ಮಂಜಿಗೆ ಹೊಲಿದ ಲಂಗ

ಪ್ಯಾರಿಸ್
೧೨ ಜನವರಿ ೧೯೫೦

ದುವಾರ್ನೆನೆ ಬಂದರಿನ ಸಾರ್ಡೀನ್ ಮೀನಿನ ಕಾರ್ಖಾನೆಯ ಕಿಟಕಿ ಪಕ್ಕದ ಮೇಜಿನ ಮಹಾರಾಣಿಯವರೂ, ನನ್ನ ಜನ್ಮಕ್ಕೆ ಕಾರಣರೂ ಆದ ಅಮ್ಮನವರ ಸನ್ನಿಧಾನಕ್ಕೆ,

ಪ್ಯಾರಿಸ್ ನಗರದ ಹಳೆಯ ನಾಟಕಶಾಲೆಯೊಂದರ ಅಟ್ಟದಲ್ಲಿ, ಪಾರಿವಾಳಗಳ ನೆರೆಯಲ್ಲಿ, ಬ್ಯಾಲೆ ಕುಣಿಯುವವರ ಬಟ್ಟೆ ಹೊಲಿದು ಬದುಕುತ್ತಿರುವ ನಿಮ್ಮ ಒಬ್ಬಳೇ ಮಗಳು ಆರ್ಮೆಲ್ ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ, ಆಕೆಗೆ ಕೊಕ್ಕೆಗಳಿಂದ ಬಿಡುಗಡೆಯಾಗಿದೆ.

ನಾಟಕ ಸಾಕು. ಅಮ್ಮ, ಕೂತು ಓದು. ಅಪ್ಪ ಅಲ್ಲೇ ಇದ್ದರೆ ಗಟ್ಟಿಯಾಗಿ ಓದು. ಕೇಳಿಸಿಕೊಳ್ಳುತ್ತಲೇ ಇಲ್ಲ ಎಂಬಂತೆ ದಾರಕ್ಕೆ ಮೇಣ ಉಜ್ಜುತ್ತಾನೆ. ಉಜ್ಜಲಿ.

ಎರಡು ವರ್ಷದಿಂದ ನಾನು ಇಲ್ಲಿ ಮಾಡಿದ್ದೆಲ್ಲ ಒಂದೇ ಕೆಲಸ: ಕುಣಿಯುವವರ ಬೆನ್ನಿನ ಮೇಲೆ ಕೊಕ್ಕೆ ಹೊಲಿಯುವುದು. ಮುಖ ನೋಡಿದರೆ ಒಬ್ಬಳ ಗುರುತೂ ಸಿಗುವುದಿಲ್ಲ. ಬೆನ್ನು ತೋರಿಸಿದರೆ ಹೆಸರು ಹೇಳುತ್ತೇನೆ. ನಿನ್ನೆ ನಮ್ಮ ಹೊಲಿಗೆಮನೆಯ ಯಜಮಾನಿ ಮದಾಮ್ ಬೆರ್ತ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನನ್ನ ಮುಂದೆ ಬಂದು ನಿಂತರು.

"ಏ ಹುಡುಗಿ, ಸಮುದ್ರದ ಕಡೆಯವಳಲ್ವಾ ನೀನು? ಮಂಜು ಹೆಂಗಿರತ್ತೆ ಅಂತ ಗೊತ್ತಿರಬೇಕಲ್ಲ."

"ಗೊತ್ತು ಮದಾಮ್. ಒದ್ದೆಯಾಗಿರತ್ತೆ."

"ಹಲ್ಲು ಕಿರಿಯಬೇಡ. ವಸಂತಕ್ಕೆ ಹೊಸ ಬ್ಯಾಲೆ ಬರ್ತಿದೆ. ದೀಪಸ್ತಂಭ ಕಾಯೋ ಒಬ್ಬ, ಮಂಜಲ್ಲಿ ಹುಟ್ಟಿದ ಒಬ್ಬಳು. ಆ ಮಂಜಿನ ಹುಡುಗಿ ನಮ್ಮ ವೆರಾ. ಅವಳ ಟೂಟೂ ನೀನೇ ಹೊಲಿ. ಮಂಜಿನ ಹಾಗಿರಬೇಕು. ಒದ್ದೆಯಾಗಿರಬಾರದು. ಕೆಟ್ಟರೆ ಮತ್ತೆ ಕೊಕ್ಕೆ, ಮುದುಕಿಯಾಗೋವರೆಗೂ."

ಟೂಟೂ ಅಂದರೆ ಅಪ್ಪನಿಗೆ ಅರ್ಥವಾಗುವಂತೆ ಹೇಳು: ಸೊಂಟದ ಸುತ್ತ ಅಡ್ಡಡ್ಡ ನಿಲ್ಲುವ ಲಂಗ, ಟ್ಯೂಲ್ ಎಂಬ ತೆಳ್ಳನೆಯ ಬಲೆಬಟ್ಟೆಯದು, ಪದರದ ಮೇಲೆ ಪದರ. ನಮ್ಮೂರಿನ ನೀಲಿ ಬಲೆಗಳು ಸತ್ತು ಸ್ವರ್ಗಕ್ಕೆ ಹೋದರೆ ಹೀಗಾಗಬಹುದು.

ಅಮ್ಮ, ನಿಜ ಹೇಳಲಾ? ನಾನು ಮನೆ ಬಿಟ್ಟಾಗಿನಿಂದ ಅಪ್ಪ ನನ್ನ ಹೆಸರು ಎತ್ತಿಲ್ಲ. ಅವನ ಲೆಕ್ಕದಲ್ಲಿ ಹಾಯಿ ಹೊಲಿಯುವುದು ಹೊಲಿಗೆ, ಉಳಿದದ್ದು ಬೊಂಬೆಯಾಟ. ಈ ಲಂಗವನ್ನು ಅವನು ಬಂದು ನೋಡಬೇಕು. ನೋಡಿ ಬೈದರೂ ಸರಿ. ಹೊಲಿಗೆಯನ್ನು ಬೈಯಲಿ, ಬೊಂಬೆಯಾಟವನ್ನಲ್ಲ. ನನಗೆ ಬೇಕಾಗಿರುವುದು ಅಷ್ಟೇ.

ಇತಿ ವಿಧೇಯಳಾದ,
ಬೆನ್ನುಗಳ ಮಹಾಪಂಡಿತೆ ಆರ್ಮೆಲ್


ದುವಾರ್ನೆನೆ
೨ ಫೆಬ್ರವರಿ ೧೯೫೦

ಮಗಳೇ,

ಸನ್ನಿಧಾನಕ್ಕೆ ಕಾಗದ ತಲುಪಿತು. ಸನ್ನಿಧಾನದ ಕೈ ಇನ್ನೂ ಮೀನಿನ ವಾಸನೆ ಹೊಡೆಯುತ್ತಿದೆ, ಅದಕ್ಕೆ ಕಾಗದಕ್ಕೂ ಹತ್ತಿದ್ದರೆ ಮೂಗು ಮುಚ್ಚಿಕೊಂಡು ಓದು.

ನೀನು ಹೇಳಿದಂತೆ ಗಟ್ಟಿಯಾಗಿ ಓದಿದೆ. ನಿಮ್ಮಪ್ಪ ನೀನು ಹೇಳಿದಂತೆಯೇ ಮೇಣ ಉಜ್ಜಿದರು. ಮುಗಿದ ಮೇಲೆ ದಾರವನ್ನು ಕೇಳುವವರ ಹಾಗೆ, "ಬಲೇಲಿ ಲಂಗ ಹೊಲೀತಾಳಂತಾ? ಯಾವ ಮೀನು ಹಿಡಿಯೋಕೆ?" ಅಂದರು.

"ನಿಮ್ಮಂಥ ತಿಮಿಂಗಿಲ ಹಿಡಿಯೋಕೆ," ಅಂದೆ.

ಊಟಕ್ಕೆ ಕೂತಾಗ, "ವೆರಾ ಅಂದ್ರೆ ಯಾರು?" ಅಂತ ಕೇಳಿದರು. ನೋಡು, ಕಿವಿಗೆ ಮೇಣ ಹೋಗಿರಲಿಲ್ಲ.

ಬಂದರಿನಲ್ಲಿ ಇನ್ನೊಂದು ದೋಣಿಗೆ ಮೋಟಾರು ಕೂರಿಸಿದರು. ನಿಮ್ಮಪ್ಪನ ಅಟ್ಟದಲ್ಲಿ ಈಗ ಹಾಯಿಗಿಂತ ಜಾಗವೇ ಜಾಸ್ತಿ. ನಿನ್ನ ಸ್ಟೂಲಿನ ಮೇಲೆ ಬೆಕ್ಕು ಮಲಗುತ್ತದೆ. ಬೆಕ್ಕಿಗೆ ಮಾತ್ರ ಅಪ್ಪಣೆ ಇದೆ.

ನಿನ್ನ ಪ್ಯಾರಿಸ್ ಫ್ಯಾಶನ್ ಇಲ್ಲಿಗೂ ಬಂತು. ಕಾರ್ಖಾನೆ ಯಜಮಾನನ ಹೆಂಡತಿ ಸೊಂಟ ಹಿಂಡಿ, ಕೆಳಗೆ ಗಂಟೆಯ ಹಾಗೆ ಅಗಲಿಸಿದ ಹೊಸ ಉಡುಪು ತೊಟ್ಟು ಭಾನುವಾರ ಕಟ್ಟೆಯ ಮೇಲೆ ನಡೆದುಹೋದಳು. ಪಡುವಣ ಗಾಳಿಗೆ ಫ್ಯಾಶನ್ ಎಲ್ಲಿ ಗೊತ್ತಾಗುತ್ತದೆ. ಗಂಟೆ ತಲೆಕೆಳಗಾಯಿತು. ಪಾದ್ರಿಗಳು ಕಣ್ಣು ಮುಚ್ಚಿಕೊಂಡರು, ಆದರೆ ಸ್ವಲ್ಪ ತಡವಾಗಿ.

ಬಿಸಿ ಬಟ್ಟೆ ಹಾಕಿಕೋ.

ನಿನ್ನ ಅಮ್ಮ


ಪ್ಯಾರಿಸ್
೧೯ ಮಾರ್ಚ್ ೧೯೫೦

ಗಾಳಿ ಮತ್ತು ಪಾದ್ರಿಗಳ ವರದಿಗಾರ್ತಿಯಾದ ಅಮ್ಮನವರಿಗೆ,

ಈ ಕಾಗದ ಬರೆಯುವಾಗ ನನ್ನ ತಲೆಯ ಮೇಲೆ ಟೂಟೂಗಳು ತೇಲುತ್ತಿವೆ. ಇಲ್ಲಿ ಅವನ್ನು ತಲೆಕೆಳಗಾಗಿಯೇ ತೂಗುಹಾಕುವುದು, ಪದರ ಜೋತುಬೀಳದಿರಲಿ ಅಂತ. ಮಧ್ಯಾಹ್ನದ ಬಿಸಿಲು ಗಾಜಿನ ಛಾವಣಿಯಿಂದ ಇಳಿದಾಗ, ಇಸ್ತ್ರಿಯ ಆವಿ ಮೇಲೇರಿದಾಗ ಅವು ಒಂದಿಷ್ಟು ಅಲುಗುತ್ತವೆ. ಆಗ ನಾನು ಕೂತಿರುವುದು ಸಮುದ್ರದ ತಳದಲ್ಲಿ, ಮೇಲೆ ಹೋಗುತ್ತಿರುವುದು ಲೋಳೆಮೀನಿನ ದಿಬ್ಬಣ. ಪಕ್ಕದ ಹುಡುಗಿ ಏನೋ ಕೇಳುತ್ತಾಳೆ; ಅವಳ ಬಾಯಿಂದ ಮಾತಿನ ಬದಲು ಗುಳ್ಳೆ ಬರುತ್ತದೇನೋ ಅಂತ ಕಾಯುತ್ತೇನೆ. ಬರುವುದಿಲ್ಲ. "ಕತ್ತರಿ ಕೊಡೇ, ಮಲಗಿದ್ದೀಯಾ?" ಅಂತಷ್ಟೇ ಬರುತ್ತದೆ.

ನನ್ನ ಲಂಗವನ್ನು ಎರಡು ಸಲ ಬಿಚ್ಚಿದೆ. ಮೊದಲನೆಯದು ಮಂಜಿನ ಹಾಗಿರಲಿಲ್ಲ, ಕೋಸಿನ ಹಾಗಿತ್ತು. ಎರಡನೆಯದು ಮದುವೆ ಕೇಕಿನ ಹಾಗೆ. ಬಿಳಿ ಬೇಡ ಅಂತ ಟೀ ಸೊಪ್ಪಿನ ನೀರಿನಲ್ಲಿ ಒಂದು ಪದರ ಅದ್ದಿದೆ, ಇನ್ನೊಂದನ್ನು ಬೂದಿ ಬಣ್ಣಕ್ಕೆ, ಮತ್ತೊಂದನ್ನು ಹೇಳಲಾಗದಷ್ಟು ತೆಳು ನೀಲಿಗೆ. ಬೆಳಗ್ಗೆ ಕಾರ್ಖಾನೆಯ ಸೀಟಿ ಊದುವ ಮೊದಲು ಕೊಲ್ಲಿಯಲ್ಲಿ ನೀರೆಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ತಿಳಿಯದ ಆ ಹೊತ್ತು ನೆನಪಿದೆಯಲ್ಲ. ದೋಣಿಯಲ್ಲಿ ಯಾರೋ ಕೆಮ್ಮಿದ್ದು ಕೇಳುತ್ತದೆ, ದೋಣಿ ಕಾಣುವುದಿಲ್ಲ. ಅದನ್ನು ಹೊಲಿಯಬೇಕು. ಕೆಮ್ಮನ್ನು ಬಿಟ್ಟು.

ವೆರಾ ಅಂದರೆ ಯಾರು ಅಂತ ಕೇಳಿದ ಮಹನೀಯರಿಗೆ ತಿಳಿಸು: ನಮ್ಮ ತಂಡದ ಮುಖ್ಯ ನರ್ತಕಿ, ರಷ್ಯದಿಂದ ಓಡಿಬಂದವರ ಮಗಳು. ಕನ್ನಡಿ, ಕರಿಬೆಕ್ಕು, ಸೋಮವಾರ, ಎಲ್ಲಕ್ಕೂ ಹೆದರುತ್ತಾಳೆ. ಗಾಳಿಯಲ್ಲಿ ಹಾರುವುದಕ್ಕೆ ಮಾತ್ರ ಹೆದರುವುದಿಲ್ಲ. ಅಳತೆ ನೋಡುವಾಗ ಲಂಗ ತೊಟ್ಟು ಕನ್ನಡಿಗೆ ಬೆನ್ನು ಹಾಕಿ ನಿಂತು, "ಚಳಿಯಾಗ್ತಿದೆ," ಅಂದಳು. ಅಮ್ಮ, ನನಗೆ ಇಷ್ಟು ದೊಡ್ಡ ಬಹುಮಾನ ಯಾರೂ ಕೊಟ್ಟಿಲ್ಲ.

ಮೊದಲ ಪ್ರದರ್ಶನ ಏಪ್ರಿಲ್ ೨೩ರ ಭಾನುವಾರ ಮಧ್ಯಾಹ್ನ. ಅಪ್ಪನ ಹೆಸರಿನಲ್ಲಿ ಒಂದು ಟಿಕೆಟ್ ಇದರೊಳಗಿದೆ. ನಿನಗೂ ಕಳಿಸುತ್ತಿದ್ದೆ, ಆದರೆ ನೀನು ಬಂದರೆ ಅವನು ನಿನ್ನ ಹಿಂದೆ ಅಡಗುತ್ತಾನೆ. ಆಟಕ್ಕೆ ಮುಂಚೆ ಅವನನ್ನು ಒಳಗೂ ಕರೆದೊಯ್ಯುತ್ತೇನೆ. ನಾಟಕಶಾಲೆಯ ಒಳಗೆ ಕಾಲಿಡುವವರಿಗೆ ಕಟ್ಟಳೆಗಳಿವೆ, ಅವನ್ನು ಸ್ಪಷ್ಟವಾಗಿ ಓದಿ ಹೇಳತಕ್ಕದ್ದು. ಹೊಲಿಗೆಮನೆಗೆ ಬಂದವರು ಟೋಪಿ ತೆಗೆದು, ತೂಗುತ್ತಿರುವ ಟೂಟೂಗಳಿಗೆ ಬಾಗಿ ನಮಸ್ಕಾರ ಹೇಳಬೇಕು. ರಂಗಕ್ಕೆ ಇಳಿಯುವ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡಲಾಗಿ ಇಳಿಯಬೇಕು. ಕಟ್ಟಡದೊಳಗೆ ಎಲ್ಲಿಯೂ 'ಹಗ್ಗ' ಎಂಬ ಶಬ್ದ ಆಡಕೂಡದು. ದಾರ ಅನ್ನಬಹುದು, ಎಳೆ ಅನ್ನಬಹುದು. ಮತ್ತು ನರ್ತಕಿಯ ಎದುರು ಸೀನು ಬಂದರೆ ಎಡಗಿವಿಯನ್ನು ಹಿಡಿದುಕೊಳ್ಳಬೇಕು. ಮೀರಿದವರಿಗೆ ಕ್ಷಮೆಯಿಲ್ಲ.

ಇತಿ,
ಮಂಜಿನ ಗುತ್ತಿಗೆದಾರಳು ಆರ್ಮೆಲ್


ದುವಾರ್ನೆನೆ
೭ ಏಪ್ರಿಲ್ ೧೯೫೦

ಮಗಳೇ,

ನಿಮ್ಮಪ್ಪ ಬರುತ್ತಿದ್ದಾರೆ. ಆದರೆ ನಿನ್ನನ್ನು ನೋಡಲು ಅಲ್ಲವಂತೆ. ಪ್ಯಾರಿಸ್‌ನಲ್ಲಿ ಯಾರೋ ಹಾಯಿಬಟ್ಟೆಯ ವ್ಯಾಪಾರಿಯನ್ನು ಕಾಣಬೇಕಂತೆ. "ಭಾನುವಾರ ಅಂಗಡಿ ತೆಗೆದಿರತ್ತಾ?" ಅಂತ ಕೇಳಿದೆ. "ನಿನಗೆಲ್ಲಾ ಗೊತ್ತು," ಅಂದರು.

ಮದುವೆಯ ಕರಿಕೋಟು ಹೊರಗೆ ಬಂದಿದೆ. ಗುಂಡಿ ಹಾಕಲು ಬರುವುದಿಲ್ಲ. ಕೋಟು ಚಿಕ್ಕದಾಗಿದೆ ಅನ್ನುತ್ತಾರೆ.

ಕಟ್ಟಳೆಗಳನ್ನು ಓದಿ ಹೇಳಿದೆ. ಇವುಗಳಲ್ಲಿ ನಿಜ ಎಷ್ಟು, ನಿನ್ನ ಮಂಗಾಟ ಎಷ್ಟು ಅಂತ ನನಗಂತೂ ತಿಳಿಯಲಿಲ್ಲ. ನಿಮ್ಮಪ್ಪ ಎಲ್ಲವನ್ನೂ ಗಂಭೀರವಾಗಿ ಕೇಳಿದರು. ಒಂದಕ್ಕೆ ಮಾತ್ರ ಮೀಸೆಯಡಿ ನಕ್ಕರು. "ಅವಳ ಬುದ್ಧಿ ನನಗೆ ಗೊತ್ತಿಲ್ವಾ," ಅಂದರು. ಯಾವುದಕ್ಕೆ ಅಂತ ಕೇಳಿದರೆ ಹೇಳಲಿಲ್ಲ.

ಬೆಣ್ಣೆ ಕೇಕು ಕಟ್ಟಿ ಕಳಿಸುತ್ತೇನೆ. ಅವರು ದಾರಿಯಲ್ಲೇ ತಿಂದರೆ ನನ್ನನ್ನು ಕೇಳಬೇಡ.

ಅಮ್ಮ


ಪ್ಯಾರಿಸ್
೨೫ ಏಪ್ರಿಲ್ ೧೯೫೦

ಅಮ್ಮ,

ಈ ಕಾಗದವನ್ನು ಗಟ್ಟಿಯಾಗಿ ಓದಬೇಡ. ಒಬ್ಬಳೇ ಓದು.

ರೈಲಿನಿಂದ ಅಪ್ಪ ಇಳಿದ. ಮೇಣ, ಡಾಂಬರು, ಬೆಣ್ಣೆ, ಮೂರರ ವಾಸನೆಯೂ ಅವನಿಗಿಂತ ಮೊದಲೇ ಇಳಿಯಿತು. ನಾನು ಚೀಲಕ್ಕೆ ಕೈ ಚಾಚಿದೆ. "ನಾನೇ ಹಿಡ್ಕೋತೀನಿ," ಅಂದ. ಎರಡು ವರ್ಷದ ಮೇಲೆ ನಮ್ಮ ಸಂಭಾಷಣೆ ಅದು. ಆಮೇಲೆ ಊರಿಡೀ ಮೌನವಾಗಿ ನಡೆದೆವು, ಶವಯಾತ್ರೆಯಲ್ಲಿ ಶವ ಬರುವುದನ್ನು ಮರೆತ ಹಾಗೆ.

ಹೊಲಿಗೆಮನೆಯ ಬಾಗಿಲಲ್ಲಿ ಅಪ್ಪ ನಿಂತ. ಟೋಪಿ ತೆಗೆದ. ಮೇಲೆ ನೋಡಿದ. ಕೋಟಿನ ಹೊಲಿಗೆ ಕಿರ್ರೆನ್ನುವಂತೆ ಬಾಗಿ, "ನಮಸ್ಕಾರ ಕಣ್ರಮ್ಮಾ," ಅಂದ, ಒಂದೊಂದು ಟೂಟೂವಿಗೂ ಬೇರೆ ಬೇರೆಯಾಗಿ. ಹುಡುಗಿಯರೆಲ್ಲ ಬಾಯಿಗೆ ಬಟ್ಟೆ ತುರುಕಿಕೊಂಡರು. ಮೆಟ್ಟಿಲನ್ನು ಅಡ್ಡಡ್ಡ ಇಳಿದ, ಗೋಡೆಗೆ ಬೆನ್ನು ಕೊಟ್ಟು, ಒಂದೊಂದೇ ಕಾಲು. ಪರದೆ ಎಳೆಯುವವರ ಮುಖ್ಯಸ್ಥ ಬಾಸ್ತ್ಯಾನ್ ಎದುರಿಗೆ ಬಂದವನು ದಾರಿ ಬಿಟ್ಟು ನಿಂತು, "ಮಂಡಿ ನೋವಾ ಯಜಮಾನ್ರೇ?" ಅಂತ ಕೇಳಿದ.

"ಇಲ್ಲಪ್ಪ. ಪದ್ಧತಿ," ಅಂದ ಅಪ್ಪ.

ಅಮ್ಮ, ಅದೆಲ್ಲ ನಾನು ಹುಟ್ಟಿಸಿದ್ದು. ನಮಸ್ಕಾರ, ಏಡಿ, ಎಡಗಿವಿ, ಮೂರೂ. ನಿಜದ್ದು ಒಂದೇ ಒಂದು.

ರಂಗಕ್ಕೆ ಬಂದೆವು. ವೆರಾ ನನ್ನ ಲಂಗ ತೊಟ್ಟು ಕಾಲು ಸಡಿಲಿಸಿಕೊಳ್ಳುತ್ತಿದ್ದಳು. ಅಪ್ಪ ಅವಳನ್ನು ನೋಡಲಿಲ್ಲ. ತಲೆಯೆತ್ತಿ ಕತ್ತಲಿನಂಥ ಆ ಎತ್ತರಕ್ಕೆ ನೋಡಿದ. ಪರದೆಗಳನ್ನು, ಬಣ್ಣದ ಆಕಾಶಗಳನ್ನು ಹಿಡಿದು ನಿಲ್ಲಿಸಿದ ನೂರಾರು ಎಳೆಗಳು, ಗಂಟುಗಳು, ರಾಟೆಗಳು. ಮೂರು ಹಡಗಿಗೆ ಆಗುವಷ್ಟು. ಅವನ ಮುಖ ಬೆಳಗಿನಿಂದ ಮೊದಲ ಬಾರಿ ಸಡಿಲವಾಯಿತು.

"ಎಷ್ಟು ಚೆಂದ ಕಟ್ಟಿದ್ದೀರಯ್ಯಾ. ಎಲ್ಲಿಂದ ತರಿಸ್ತೀರಿ ಈ ಹಗ್ಗ?"

ಸುತ್ತಿಗೆ ನಿಂತಿತು. ಪಿಯಾನೋ ನಿಂತಿತು. ವೆರಾಳ ಎತ್ತಿದ ಕಾಲು ಕೆಳಗಿಳಿಯಿತು.

"ಏನಂದ್ರು ಅವರು?"

ಇವರಿಗೆ ಕೇಳಿಸಲಿಲ್ಲವೇನೋ ಅಂದುಕೊಂಡ ಅಪ್ಪ ಬಂದರಿನ ದನಿಯಲ್ಲಿ, "ಹಗ್ಗ. ಹಗ್ಗ ಅಂದೆ ತಾಯಿ," ಅಂದ.

ವೆರಾ ಬೆನ್ನಿನ ಕೊಕ್ಕೆ ಬಿಚ್ಚತೊಡಗಿದಳು. "ಇದು ಬೇಡ. ಹಳೇ ಬಿಳೀದು ತನ್ನಿ. ಇದನ್ನ ಹಾಕ್ಕೊಂಡು ಹಾರಿದ್ರೆ ನಾನು ಕೆಳಗೆ ಬರೋದು ಹೆಣವಾಗೇ." ಮದಾಮ್ ಬೆರ್ತ್ ನನ್ನ ಕಡೆ ತಿರುಗಿ, "ನಾಳೆಯಿಂದ ಕೊಕ್ಕೆ," ಅಂದರು. ಕೋಪವಿಲ್ಲದೆ ಅಂದರು, ಅದೇ ಕೆಟ್ಟದ್ದು.

ಅಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಅದು ನಿಜದ್ದಾ?"

"ನಿಜದ್ದು ಅದೊಂದೇ ಅಪ್ಪ."

"ಏಡಿ?"

ನಾನು ನನ್ನ ಚಪ್ಪಲಿ ನೋಡಿದೆ.

"ನಾನು ಅದೊಂದೇ ಸುಳ್ಳು ಅಂದ್ಕೊಂಡೆ. ಮನೆ ತುಂಬಾ ಅದನ್ನೇ ತೂಗುಹಾಕ್ಕೊಂಡು ಹೆಸರು ಹೇಳಬೇಡಿ ಅಂದ್ರೆ ಯಾರು ನಂಬ್ತಾರೆ?"

ಬಾಸ್ತ್ಯಾನ್ ಮುಂದೆ ಬಂದ. ಮೊದಲು ಇಲ್ಲಿ ಪರದೆ ಎಳೆಯುತ್ತಿದ್ದವರೆಲ್ಲ ಹಡಗಿನಿಂದ ಬಂದವರು, ಆ ಮಾತಿನ ಮೇಲಿನ ನಿಷೇಧ ಅವರ ಕಾಲದಿಂದ ಬಂದದ್ದು ಅಂತ ಬಿಡಿಸಿ ಹೇಳಿದ. "ನಿಮ್ಮ ದೋಣೀಲಿ ಆಡಬಾರದ ಮಾತು ಇಲ್ವಾ ಯಜಮಾನ್ರೇ? ಹಂಗೇ ಇದೂ."

ಆಗ ಅಪ್ಪನ ಮುಖ ನೋಡಬೇಕಿತ್ತು. ನಮ್ಮೂರಿನ ದೋಣಿಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಹುಲ್ಲು ತಿನ್ನುವ, ಬಿಲದಲ್ಲಿ ವಾಸಿಸುವ, ಉದ್ದ ಕಿವಿಯ ಆ ಪ್ರಾಣಿಯ ಹೆಸರನ್ನು ನಡುಸಮುದ್ರದಲ್ಲಿ, ದೋಣಿಯ ಮೇಲೆ ನಿಂತು, ಎರಡು ಸಲ ಕೂಗಿದವನ ಮುಖ ಅದು. ಬೇರೆ ಯಾರಾದರೂ ನಗುತ್ತಿದ್ದರು. ಅಪ್ಪ ಬಿಳುಚಿಕೊಂಡ.

ನನ್ನನ್ನು ತೋರಿಸಿ, ಇವಳ ಮಂಗಾಟದಿಂದ ಹೀಗಾಯಿತು ಅನ್ನಬಹುದಿತ್ತು. ಅನ್ನಲಿಲ್ಲ. ಟೋಪಿ ಹಿಡಿದುಕೊಂಡು ವೆರಾಳ ಮುಂದೆ ಹೋಗಿ ನಿಂತ.

"ತಾಯಿ, ತಪ್ಪು ನಂದು, ಲಂಗದ್ದಲ್ಲ. ಇದನ್ನ ಕಳೆಯೋದು ಹೆಂಗೆ, ಹೇಳಿ."

"ಎಲ್ಲರಿಗೂ ವೈನ್ ಕುಡಿಸಬೇಕು. ಅದು ಕಟ್ಟಳೆ," ಅಂದ ಬಾಸ್ತ್ಯಾನ್.

"ಕುಡಿಸ್ತೀನಿ."

"ನೀವೆಲ್ಲ ಕುಡೀತೀರಿ, ನಿಮ್ಮ ದೋಷ ಹೋಗತ್ತೆ," ಅಂದಳು ವೆರಾ. "ಲಂಗ ಕುಡಿಯತ್ತಾ?"

ಲಂಗ ಅವಳ ಸೊಂಟದಿಂದ ಅರ್ಧ ಬಿಚ್ಚಿ ವಾಲಿಕೊಂಡಿತ್ತು. ಅವಳು ಅಪ್ಪನ ಕೈಗಳನ್ನೇ ನೋಡುತ್ತಿದ್ದಳು, ಆ ಗಾಯದ ಗೆರೆಗಳನ್ನು.

"ಹೊಲಿಯೋರಾ ನೀವು? ಹಾಗಿದ್ರೆ ನಿಮ್ಮ ಕೈಯಿಂದಲೇ ಒಂದು ಹೊಲಿಗೆ ಬೀಳಲಿ ಇದಕ್ಕೆ. ಮಾತು ಒಳಗೆ ಬಂದ ದಾರಿ ಮುಚ್ಚಲಿ. ಆಮೇಲೆ ಹಾಕ್ಕೋತೀನಿ."

ಅಪ್ಪ ಜೇಬಿನಿಂದ, ದಪ್ಪ ಸೂಜಿ ತಳ್ಳಲು ಅಂಗೈಗೆ ಕಟ್ಟಿಕೊಳ್ಳುವ ತೊಗಲನ್ನೂ ಹಾಯಿಯ ಸೂಜಿಯನ್ನೂ ತೆಗೆದ. ನಮ್ಮ ಹಿಂದೆಯೇ ಇಳಿದುಬಂದಿದ್ದ ಹೊಲಿಗೆಮನೆಯ ಹುಡುಗಿಯರು ಒಟ್ಟಿಗೆ ಉಸಿರೆಳೆದುಕೊಂಡರು. ಆ ಸೂಜಿಯಲ್ಲಿ ಬೂಟು ಹೊಲಿಯಬಹುದು. ಅವನು ಲಂಗದ ಅಂಚನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ತೊಗಲನ್ನೂ ಸೂಜಿಯನ್ನೂ ವಾಪಸ್ಸು ಜೇಬಿಗೆ ಹಾಕಿದ.

"ಆರ್ಮೆಲ್," ಅಂದ.

ನನ್ನ ಹೆಸರು, ಅಮ್ಮ.

"ನಿನ್ನ ಸೂಜಿ ಕೊಡು. ಹೆಂಗೆ ಹಿಡೀಬೇಕು, ತೋರಿಸು."

ನನ್ನ ಸೂಜಿಯನ್ನು ಅವನ ಕೈಗೆ ಕೊಟ್ಟೆ. ವೆರಾ ಕುರ್ಚಿಯ ಮೇಲೆ ಹತ್ತಿ ನಿಂತಳು. ನಾನೂ ಅಪ್ಪನೂ ನೆಲದ ಮೇಲೆ ಮಂಡಿಯೂರಿ ಆ ಪದರಗಳ ಕೆಳಗೆ ತಲೆ ಹಾಕಿದೆವು. ಒಳಗೆ ಬೆಳಕು ಬೂದಿ ಬಣ್ಣದ್ದಾಗಿತ್ತು, ಎಲ್ಲಿಂದ ಬರುತ್ತಿದೆ ಅಂತ ತಿಳಿಯುವಂತಿರಲಿಲ್ಲ. ಹೊರಗಿನ ಮಾತುಗಳು ದೂರದ ದಡದಿಂದ ಬಂದ ಹಾಗೆ ಕೇಳುತ್ತಿದ್ದವು.

"ಇದೇನು ಸೂಜಿಯೋ, ಮೀನಿನ ಮುಳ್ಳೋ?"

"ಬಿಗಿ ಹಿಡೀಬೇಡ ಅಪ್ಪ."

"ಬಿಗೀದೆ ಹೋದ್ರೆ ಹೊಲಿಗೆ ನಿಲ್ಲತ್ತಾ?"

"ಬಿಗಿದ್ರೆ ಹರಿಯತ್ತೆ. ಬಟ್ಟೆ ಎಷ್ಟು ಕೇಳತ್ತೋ ಅಷ್ಟೇ ಕೊಡು."

ಎಳೆದ. ಬಲೆಬಟ್ಟೆಯ ಒಂದು ಕಣ್ಣು ಹರಿಯಿತು. "ಬಿಚ್ಚು," ಅಂದೆ. ಬಿಚ್ಚಿದ. ನಾನು ಅವನ ಬೆರಳ ಮೇಲೆ ನನ್ನ ಬೆರಳಿಟ್ಟು ದಾರ ಸಡಿಲ ಬಿಡುವುದನ್ನು ತೋರಿಸಿದೆ. ಇನ್ನೊಮ್ಮೆ ಹಾಕಿದ. ಮೇಲಿನಿಂದ ವೆರಾ, "ಹಗುರಾಯ್ತು," ಅಂದಳು. ಏನು ಹಗುರಾಯಿತೋ ಅವಳಿಗೇ ಗೊತ್ತು.

ವೈನ್ ಬಂತು, ಎಲ್ಲರೂ ಕುಡಿದರು. ಆಟ ನಡೆಯಿತು. ಅಪ್ಪನ ಟಿಕೆಟ್ ಜೇಬಿನಲ್ಲೇ ಉಳಿಯಿತು. ಬಾಸ್ತ್ಯಾನ್ ಅವನನ್ನು ಪಕ್ಕದ ಪರದೆಯ ಹಿಂದೆ ತನ್ನ ಹತ್ತಿರವೇ ನಿಲ್ಲಿಸಿಕೊಂಡ. ದೀಪಸ್ತಂಭದ ಬೆಳಕು ಒಂದು ಸುತ್ತು ಬಂದಾಗ ರಂಗದ ಮೇಲೆ ಏನೂ ಇರಲಿಲ್ಲ, ಮತ್ತೊಂದು ಸುತ್ತು ಬಂದಾಗ ವೆರಾ ಇದ್ದಳು. ಬಂದದ್ದು ಯಾರೂ ಕಾಣಲಿಲ್ಲ. ತಿರುಗಿದಾಗ ಅವಳಿಗೆ ಅಂಚೇ ಇರಲಿಲ್ಲ ಅಮ್ಮ. ದೀಪಸ್ತಂಭ ಕಾಯುವವನು ಕೈ ಚಾಚುತ್ತಾನೆ, ಲಂಗ ಬೆರಳ ನಡುವಿನಿಂದ ಹೋಗುತ್ತದೆ. ಜನ ಕೆಮ್ಮುವುದನ್ನೂ ಮರೆತಿದ್ದರು. ನಾನು ನೋಡಿದ್ದು ಇಷ್ಟೇ. ಉಳಿದ ಹೊತ್ತು ಅಪ್ಪನ ಬೆನ್ನು ನೋಡುತ್ತಿದ್ದೆ. ಬೆನ್ನುಗಳ ವಿದ್ಯೆ ಬಲ್ಲವಳು ನಾನು, ಆದರೆ ಆ ಬೆನ್ನಿನಿಂದ ಒಂದಕ್ಷರವೂ ತಿಳಿಯಲಿಲ್ಲ.

ಸ್ಟೇಷನ್ನಿನಲ್ಲಿ ಅವನು, "ಆ ಏಡಿ ವಿಷಯ ನಿಮ್ಮಮ್ಮಂಗೆ ಹೇಳಬೇಡ," ಅಂದ. ಲಂಗದ ಬಗ್ಗೆ ಒಂದು ಮಾತೂ ಇಲ್ಲ. ಚೆನ್ನಾಗಿದೆ ಅನ್ನಲಿಲ್ಲ, ಬೊಂಬೆಯಾಟ ಅಂತಲೂ ಅನ್ನಲಿಲ್ಲ. ರೈಲು ಹೋಯಿತು.

ನಿನ್ನೆ ಮದಾಮ್ ಬೆರ್ತ್ ಕೊಕ್ಕೆಯ ಡಬ್ಬ ತಂದು ನನ್ನ ಮೇಜಿನ ಮೇಲಿಟ್ಟರು. ಸ್ವಲ್ಪ ಹೊತ್ತು ನಿಂತರು. ತಾವೇ ಎತ್ತಿಕೊಂಡು ಹೋದರು. ಇಲ್ಲಿ ನಾನು ಗೆದ್ದೆ ಅಂತ ಕಾಣುತ್ತದೆ. ಅಲ್ಲಿಯದು ನೀನೇ ಹೇಳಬೇಕು. ಅವನು ಏನಾದರೂ ಅಂದನಾ?

ಆರ್ಮೆಲ್


ದುವಾರ್ನೆನೆ
೧೪ ಮೇ ೧೯೫೦

ಮಗಳೇ,

ಏಡಿಯ ವಿಷಯ ಗೊತ್ತಿಲ್ಲದವಳ ಹಾಗೆಯೇ ಇದ್ದೆ. ಆದರೆ ಮೊನ್ನೆ ಅವರು ಅಟ್ಟದ ಮೆಟ್ಟಿಲು ಇಳಿಯುವುದನ್ನು ನೋಡುತ್ತ ನಿಂತಿದ್ದಾಗ ನನ್ನ ಮುಖದಲ್ಲಿ ನಗು ಕಂಡುಬಿಟ್ಟಿತು. ನೇರವಾಗಿಯೇ ಇಳಿದರು ಪಾಪ. "ಹೇಳಿಬಿಟ್ಟಳಾ?" ಅಂದರು. ಒಂದು ದಿನ ಮಾತು ಬಿಟ್ಟರು.

ಕೇಳಿದವರಿಗೆಲ್ಲ ಪ್ಯಾರಿಸ್‌ನಲ್ಲಿ ಬೆಣ್ಣೆಗೆ ಉಪ್ಪು ಹಾಕುವುದಿಲ್ಲ ಅನ್ನುತ್ತಾರೆ. ಅಷ್ಟೇ ವರದಿ. ನಾನೂ ಆಸೆ ಬಿಟ್ಟಿದ್ದೆ.

ಹೋದ ವಾರ ಅಡುಗೆಮನೆ ಕಿಟಕಿಯ ಜಾಲರಿ ಪರದೆ ಕಾಣೆಯಾಯಿತು. ಬೆಕ್ಕನ್ನು ಬೈದೆ. ಆಮೇಲೆ ಅಟ್ಟಕ್ಕೆ ಹೋಗಿ ನೋಡಿದರೆ, ನಿಮ್ಮಪ್ಪ ಪರದೆಯನ್ನು ಪದರ ಪದರವಾಗಿ ಮಡಿಸಿ, ಕೋಲಿನ ತುದಿಗೆ ಕಟ್ಟಿ, ಕಿಟಕಿಯ ಬೆಳಕಿಗೆ ಹಿಡಿದು ಗಿರಗಿರನೆ ತಿರುಗಿಸುತ್ತ ಕೂತಿದ್ದಾರೆ. ತಿರುಗಿಸುವುದು, ಥಟ್ಟನೆ ನಿಲ್ಲಿಸುವುದು, ನೋಡುವುದು. ಮತ್ತೆ ತಿರುಗಿಸುವುದು.

"ಏನ್ರೀ ಇದು, ಈ ವಯಸ್ಸಲ್ಲಿ?" ಅಂದೆ.

"ಸುಮ್ನಿರೇ, ಲೆಕ್ಕ ತಪ್ಪತ್ತೆ," ಅಂದರು.

ನಿನ್ನೆ ಇವತ್ತು ಅದೇ. ಈಗ ನಾನು ಬರೆಯುವುದನ್ನು ನೋಡಿ, ಕೆಳಗೆ ಸ್ವಲ್ಪ ಜಾಗ ಬಿಡು ಅಂದಿದ್ದಾರೆ. ಬಿಟ್ಟಿದ್ದೇನೆ.

ಅಮ್ಮ

ಆರ್ಮೆಲ್‌ಗೆ,
ಆ ಹುಡುಗಿ ಎಡಕ್ಕೆ ತಿರುಗಿ ನಿಂತಾಗ ಲಂಗದ ಮೇಲಿನ ಬಟ್ಟೆ ನಿಂತಿತು, ಕೆಳಗಿನದು ನಿಲ್ಲಲಿಲ್ಲ. ಒಂದು ಗಳಿಗೆ ಹಿಂದೆ ಉಳಿದು ಆಮೇಲೆ ಬಂತು. ನಾನು ಕಣ್ಣಾರೆ ಕಂಡಿದ್ದೇನೆ. ಅದು ಬೇಕಂತಲೇ ಮಾಡಿದ್ದಾ, ತಪ್ಪಿ ಆದದ್ದಾ? ಬೇಕಂತಲೇ ಆಗಿದ್ದರೆ ಹೇಗೆ ಮಾಡಿದೆ? ಪರದೆಯಲ್ಲಿ ನನಗೆ ಬರುತ್ತಿಲ್ಲ. ಬರೆದು ತಿಳಿಸು.
ಅಪ್ಪ


ಪ್ಯಾರಿಸ್
೧೮ ಮೇ ೧೯೫೦

ಅಪ್ಪಾ,

ಬೇಕಂತಲೇ.

ಕೆಳಗಿನ ಪದರಗಳಿಗೆ ಮೇಲಿನದಕ್ಕಿಂತ ಮೃದುವಾದ ಬಲೆ ಹಾಕಿದೆ. ಅವನ್ನು ಒಂದಕ್ಕೊಂದು ಸೇರಿಸುವ ಹೊಲಿಗೆಯಲ್ಲಿ ದಾರವನ್ನು ಬೆರಳಗಲ ಸಡಿಲ ಬಿಟ್ಟೆ. ಮೇಲಿನದು ನಿಂತ ಮೇಲೂ ಕೆಳಗಿನದಕ್ಕೆ ಹೋಗಲು ಅಷ್ಟು ಜಾಗ ಉಳಿಯುತ್ತದೆ. ದೋಣಿ ಹೋದ ಮೇಲೂ ಮಂಜು ಸ್ವಲ್ಪ ಹೊತ್ತು ಅದರ ಹಿಂದೆ ಹೋಗುತ್ತದಲ್ಲ, ಹಾಗೆ ಆಗಲಿ ಅಂತ. ಇದನ್ನು ಮಾಡಿದ್ದೇನೆ ಅಂತ ಇಲ್ಲಿ ಯಾರಿಗೂ ಹೇಳಿರಲಿಲ್ಲ. ಮದಾಮ್ ಬೆರ್ತ್ ಕಾಣಲಿಲ್ಲ. ತೊಟ್ಟ ವೆರಾಳಿಗೂ ಗೊತ್ತಿಲ್ಲ.

ಪರದೆಯ ಜಾಲರಿ ದಪ್ಪ, ಅದಕ್ಕೇ ಬರುತ್ತಿಲ್ಲ. ಅಮ್ಮನಿಗೆ ವಾಪಸ್ಸು ಕೊಡು. ಎರಡೂ ಬಗೆಯ ಬಲೆಯನ್ನು ಒಂದೊಂದು ಮೊಳ ಇದರ ಜೊತೆ ಇಟ್ಟಿದ್ದೇನೆ, ಒಂದು ಸಣ್ಣ ಸೂಜಿಯನ್ನೂ. ನೆರಿಗೆ ಹಿಡಿಯುವಾಗ ಅಂಗೈ ಒಣಗಿರಲಿ. ನನಗೆ ಬಲಕ್ಕೆ ತಿರುಗಿದಾಗ ಇನ್ನೂ ಸರಿ ಬಂದಿಲ್ಲ, ಅಲ್ಲಿ ಬಟ್ಟೆ ಬೇಗ ಬಂದುಬಿಡುತ್ತದೆ. ನೀನು ಮಾಡಿ ನೋಡು. ಬಂದರೆ ಹೇಗೆ ಬಂತು ಅಂತ ನನಗೂ ಬರಿ.

ಇತಿ,
ಆರ್ಮೆಲ್